ಬ್ರಿನ್ ಕೇಳಿದ ಪ್ರಶ್ನೆ

"ಆಟ ಆಡಿ ಗಣಿತ ಕಲಿಯೋದಾದ್ರೆ, ಊಟ ಮಾಡ್ತಾ ಉಪವಾಸ ಮಾಡ್ಬಹುದು!" ಎಂದು ಡೋರೀನ್ ಟೀಚರ್ ಸ್ಟಾಫ್ ರೂಮಿನಲ್ಲಿ ಮೂಗು ಮುರಿದಿದ್ದರು. ಕೆನಡಾದ ಸಸ್ಕ್ಯಾಚೆವಾನಿನ ಆ ಪುಟ್ಟ ಊರಿನಲ್ಲಿ ಮೂವತ್ತೊಂದು ವರ್ಷ ಮಗ್ಗಿ ಹೇಳಿಸಿದ ಬಾಯಿ ಅದು. ಆದರೆ ಹೆಡ್‌ಮಾಸ್ಟರ್ ಬಿಡಬೇಕಲ್ಲ! ಉದ್ದ, ಅಗಲ, ಎತ್ತರ ಒಂದೊಂದು ಮೀಟರಿನ ಇಟ್ಟಿಗೆ ಜೋಡಿಸುವ ವಿಡಿಯೊ ಗೇಮಿನಲ್ಲಿ ನಾಲ್ಕನೇ ಕ್ಲಾಸಿನವರು ಮಂಜುಗಡ್ಡೆಯ ಸ್ಕೇಟಿಂಗ್ ಅಂಗಳ ಕಟ್ಟಬೇಕು, ಆಮೇಲೆ ಅದೇ ಲೆಕ್ಕದಲ್ಲಿ ಶಾಲೆಯ ಬಯಲಿನಲ್ಲಿ ನಿಜವಾಗಿಯೂ ಕಟ್ಟಬೇಕು. ಶುಕ್ರವಾರ ಅಲ್ಲೇ ಐದನೇ ಕ್ಲಾಸಿನ ಜೊತೆ ಐಸ್ ಹಾಕಿ ಪಂದ್ಯ.

ಉದ್ದ ಇಪ್ಪತ್ತು, ಅಗಲ ಹತ್ತು, ಸುತ್ತ ಅರವತ್ತು ಮೀಟರ್ ಹಲಗೆ. ಎಲ್ಲರದೂ ಸರಿಯುತ್ತರ. ಡೋರೀನ್ ಒಳಗೊಳಗೇ ಹಿಗ್ಗಿದರು. ಏಳರ ಮಗ್ಗಿಯಲ್ಲಿ ಸದಾ ಎಡವುವ ಬ್ರಿನ್ ಮಾತ್ರ ಉತ್ತರದ ಜಾಗದಲ್ಲಿ, "ಬಯಲು ಸಮತಟ್ಟಾಗಿದೆಯಾ?" ಎಂದು ಬರೆದಿದ್ದಳು. ಡೋರೀನ್ ಸೊನ್ನೆ ಸುತ್ತಿ, ವರ್ಷವಿಡೀ ಅವಳಿಗೆ ಬರೆಯುವುದನ್ನೇ ಕೆಂಪು ಪೆನ್ನಿನಲ್ಲಿ ಬರೆದರು: ಪ್ರಶ್ನೆ ಸರಿಯಾಗಿ ಓದು.

ಮಂಗಳವಾರ ಹಲಗೆ ಕಟ್ಟಿ, ಹೆಪ್ಪುಗಟ್ಟಲೆಂದು ನೀರು ಬಿಟ್ಟರು. ಬುಧವಾರ ನೋಡಿದರೆ ನೀರೆಲ್ಲ ತಗ್ಗಿನ ಹಲಗೆಯಡಿ ನುಸುಳಿ ಸೈಕಲ್ ಸ್ಟ್ಯಾಂಡಿನಲ್ಲಿ ಹೆಪ್ಪುಗಟ್ಟಿತ್ತು.

"ಸೈಕಲ್ ಮೇಲೆ ಹಾಕಿ ಆಡ್ತೀರೇನ್ರೋ?" ಐದನೆಯವರು ಬಿದ್ದು ಬಿದ್ದು ನಕ್ಕರು.

ಡೋರೀನರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇಷ್ಟು ವರ್ಷ ತಾವೇ ನಡೆದಾಡಿದ ಬಯಲು. ಗೇಮಿನ ಸಮತಟ್ಟು ನೆಲ ನೋಡಿ ಬಯಲಿನ ಇಳಿಜಾರನ್ನೇ ಮರೆತಿದ್ದರು.

"ಮಿಸ್, ನಮ್ಮಜ್ಜ ಹಿತ್ತಲಲ್ಲಿ ಸ್ಕೇಟಿಂಗಿಗೆ ನೀರು ಬಿಡೋಕೆ ಮುಂಚೆ ಚೆಂಡು ಉರುಳಿಸಿ ನೋಡ್ತಾರೆ," ಎಂದಳು ಬ್ರಿನ್.

"ಮೊದಲೇ ಹೇಳ್ಬಾರ್ದಿತ್ತೇನೇ?"

"ಬರೆದಿದ್ನಲ್ಲ ಮಿಸ್."

ಡೋರೀನ್ ದಾರದ ಉಂಡೆ ತರಲು ಒಳಗೆ ಹೋದರು.

ದಾರ ಕಟ್ಟಿ ಅಳೆದರೆ ಅಗಲದ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸೆಂಟಿಮೀಟರ್ ಇಳಿಜಾರು. ತಗ್ಗಿಗೆ ಹಿಮ ತುಂಬಬೇಕು, ಎಷ್ಟು? ಬ್ರಿನ್ ಗೇಮಿನ ಮುಂದೆ ಕೂತಳು. "ಪೂರ್ತಿ ಅಷ್ಟೆತ್ತರ ತುಂಬಿದ್ರೆ ನಲವತ್ತು ಇಟ್ಟಿಗೆ. ಇದು ಇಳಿಜಾರು, ಅರ್ಧ ಸಾಕು. ಇಪ್ಪತ್ತು!"

ಆ ಇಪ್ಪತ್ತು ಇಟ್ಟಿಗೆ ಹಿಮವನ್ನು ಇಡೀ ಕ್ಲಾಸು ಬೂಟುಗಾಲಿನಲ್ಲಿ ತುಳಿದು ಗಟ್ಟಿಮಾಡಿತು, ಜೊತೆಗೆ ಡೋರೀನೂ. ಗುರುವಾರ ಮತ್ತೆ ನೀರು ಬಿಟ್ಟರು. ಶುಕ್ರವಾರ ಪಂದ್ಯ ನಡೆಯಿತು. ನಾಲ್ಕನೆಯವರು ಸೋತರು, ಆದರೆ ಗಟ್ಟಿ ಮಂಜುಗಡ್ಡೆಯ ಮೇಲೆ ಸೋತರು.

ಸಂಜೆ ಡೋರೀನ್ ಬ್ರಿನ್‌ಳ ಹಳೆಯ ಹಾಳೆ ಹುಡುಕಿ ತೆಗೆದು, ಸೊನ್ನೆಯನ್ನು ಹೊಡೆದುಹಾಕಿ ಹತ್ತು ಬರೆದರು. ಮನಸ್ಸು ಹಗುರಾಯಿತು.

"ಈಗ ಸಮಾಧಾನಾನಾ?" ಎಂದು ಪಕ್ಕದಲ್ಲೇ ನಿಂತಿದ್ದ ಬ್ರಿನ್‌ಳನ್ನು ಕೇಳಿದರು.

"ನಿಮಗೆ ನೀವು ಮಾರ್ಕ್ಸ್ ಹಾಕ್ಕೊಂಡಿಲ್ವಲ್ಲ ಮಿಸ್."

ಡೋರೀನ್ ನಗುತ್ತ ಕೆಂಪು ಪೆನ್ನನ್ನು ಅವಳ ಕೈಗೇ ಕೊಟ್ಟರು. ಬ್ರಿನ್ ನಾಲಗೆ ಕಚ್ಚಿಕೊಂಡು, ತನ್ನ ಪ್ರಶ್ನೆಯ ಕೆಳಗೆ ದುಂಡಗೆ ಬರೆದಳು: ಪ್ರಶ್ನೆ ಸರಿಯಾಗಿ ಓದಿ.