ಅರವತ್ತೈದನೆಯ ಚೌಕ

ತನ್ನ ಮೈದುನ ಕಳ್ಳನೆಂದು ಗಣಿತದ ಟೀಚರ್ ಲೆಕ್ಕದಕ್ಕನಿಗೆ ಗೊತ್ತಾದದ್ದು ಶಾಲೆಯ ಸ್ಟಾಫ್ ರೂಮಿನಲ್ಲಿ, ಊಟದ ಬಿಡುವಿನಲ್ಲಿ. ಮೇಜಿನ ಮೇಲೆ ಹೊಳೆಯುವ ನೀಲಿ ಪೆಟ್ಟಿಗೆಯೊಂದಿತ್ತು. ಮುಚ್ಚಳದ ಮೇಲೆ ‘ಗಣಿತ ಮತ್ತು ಸೃಜನಶೀಲ ಚಿಂತನೆ’ ಎಂದು ದಪ್ಪಕ್ಷರ, ಅದರ ಕೆಳಗೆ ‘ರೂಪಿಸಿದವರು’ ಎಂದು ಮೈದುನನ ಹೆಸರು, ನಗುಮುಖದ ಫೋಟೋ ಬೇರೆ. ತೆರೆದು ನೋಡಿದರೆ ಒಳಗಿದ್ದದ್ದು ಅವಳ ಹನ್ನೊಂದು ವರ್ಷ.

ಅವಳು ಚಪ್ಪಲಿ ಡಬ್ಬಿಯ ರಟ್ಟಿನಲ್ಲಿ ಕತ್ತರಿಸಿದ ಭಿನ್ನರಾಶಿಯ ಚಕ್ರಗಳು, ಬೆಂಕಿಕಡ್ಡಿಯ ಒಗಟುಗಳು, ಒಂದೇ ದಾರದಿಂದ ಎಷ್ಟು ಆಕಾರ ಮಾಡಬಹುದೆಂಬ ಆಟ, ಎಲ್ಲವೂ ಈಗ ಬಣ್ಣದ ರಬ್ಬರ್ ಹಾಳೆಯಲ್ಲಿ ಯಂತ್ರದಿಂದ ಕತ್ತರಿಸಿಕೊಂಡು ಮದುವಣಗಿತ್ತಿಯಂತೆ ಕೂತಿದ್ದವು. “ಎರಡು ದಿನಕ್ಕೆ ಕೊಡಿ ಅತ್ತಿಗೆ” ಎಂದು ರಜೆಯಲ್ಲಿ ಒಯ್ದಿದ್ದ ಭೂಪ. ಅವನಿಗೆ ಈ ಶಾಲೆಯಲ್ಲಿ ಕೆಲಸ ಕೊಡಿಸಿದವಳೂ ಅವಳೇ. ಉಂಡ ಮನೆಯ ಜಂತೆ ಎಣಿಸುವವರನ್ನು ಕೇಳಿದ್ದೇವೆ, ಇವನು ಜಂತೆಯನ್ನೇ ಕಿತ್ತುಕೊಂಡು ಹೋಗಿದ್ದ.

“ಹೋಗ್ಲಿ ಬಿಡು, ಹೊಟ್ಟೇಲಿ ಹಾಕ್ಕೋ. ನಮ್ಮವನೇ ತಾನೆ?” ಎಂದ ಮನೆಯಲ್ಲಿ ಗಂಡ.

“ನನ್ನ ಹೊಟ್ಟೇಲಿ ಜಾಗ ಇಲ್ಲ. ನಿಮ್ಮದ್ರಲ್ಲಿ ಇದ್ರೆ ಹಾಕ್ಕೊಳ್ಳಿ.”

ಶುಕ್ರವಾರ ಶಿಕ್ಷಣ ಕಚೇರಿಯ ತಂಡ ಪಾಠ ನೋಡಲು ಬರುವುದಿತ್ತು. ಅವರು ಹೂಂ ಎಂದರೆ ಆ ಪೆಟ್ಟಿಗೆ ಮೈದುನನ ಹೆಸರಲ್ಲೇ ಎಲ್ಲ ಶಾಲೆಗಳಿಗೂ ಹೋಗುತ್ತಿತ್ತು. ಆಮೇಲೆ ಅವಳು ತನ್ನ ರಟ್ಟಿನ ಚೂರುಗಳನ್ನು ತರಗತಿಗೆ ಒಯ್ದರೆ, ನೋಡಿದವರು ಅವಳೇ ನಕಲು ಮಾಡಿದ್ದಾಳೆ ಎನ್ನುತ್ತಿದ್ದರು. ಮುಖ್ಯೋಪಾಧ್ಯಾಯಿನಿಗೆ ದೂರು ಕೊಟ್ಟಳು. “ನಿಮ್ಮದೇ ಅನ್ನೋಕೆ ಏನಾದ್ರೂ ಬರೆದಿಟ್ಟಿದ್ದೀರಾ?” ಎಂದರು ಅವರು. ಎಲ್ಲಿಂದ ಬರೆದಿಡುವುದು? ಚೂರುಗಳ ಜೊತೆ ವಿವರಣೆ, ಉತ್ತರ ಒಂದನ್ನೂ ಇಡದಿರುವುದೇ ಅವಳ ಪದ್ಧತಿ. ಉತ್ತರ ಡಬ್ಬಿಯಲ್ಲಿದ್ದರೆ ಮಕ್ಕಳು ತಲೆಗಿಂತ ಮೊದಲು ಡಬ್ಬಿಗೆ ಕೈ ಹಾಕುತ್ತಾರೆ ಎನ್ನುತ್ತಿದ್ದಳು.

ಮೈದುನನಿಗೆ ಆ ಪದ್ಧತಿ ಹಿಡಿಸಿರಲಿಲ್ಲ. ಪೆಟ್ಟಿಗೆಯ ಜೊತೆ ನುಣ್ಣನೆಯ ಕಾಗದದ ಶಿಕ್ಷಕರ ಕೈಪಿಡಿಯನ್ನೂ ಅಚ್ಚು ಹಾಕಿಸಿದ್ದ. ಪ್ರತಿ ಪುಟದಲ್ಲೂ ಚಟುವಟಿಕೆ, ಕೆಳಗೆ ಉತ್ತರ. ಸಂಜೆ ಅಡುಗೆಮನೆಯಲ್ಲಿ ನಿಂತುಕೊಂಡೇ ಅದನ್ನು ಓದಿದ ಲೆಕ್ಕದಕ್ಕ ಮೂವತ್ತೊಂದನೆಯ ಪುಟಕ್ಕೆ ಬಂದಾಗ ಒಲೆ ಆರಿಸಿ ಕುಳಿತಳು. ಆಮೇಲೆ ನಕ್ಕಳು. ಒಳ್ಳೆಯ ನಗುವಲ್ಲ ಅದು.

ಅಲ್ಲಿದ್ದದ್ದು ಎಂಟು ಚೌಕ ಉದ್ದ, ಎಂಟು ಚೌಕ ಅಗಲದ ಹಾಳೆ. ಅದನ್ನು ನಾಲ್ಕು ತುಂಡು ಮಾಡಿ ಬೇರೆ ರೀತಿ ಜೋಡಿಸಿದರೆ ಹದಿಮೂರು ಉದ್ದ, ಐದು ಅಗಲದ ಆಯತವಾಗುತ್ತದೆ. ಮೊದಲು ಅರವತ್ನಾಲ್ಕು ಚೌಕ, ಆಮೇಲೆ ಅರವತ್ತೈದು! ಈ ಒಂದು ಹೆಚ್ಚಿನ ಚೌಕ ಎಲ್ಲಿಂದ ಬಂತೆಂದು ಅವಳ ಏಳನೇ ತರಗತಿಯ ಮಕ್ಕಳು ಪ್ರತಿ ವರ್ಷ ವಾರಗಟ್ಟಲೆ ಜಗಳವಾಡುತ್ತಿದ್ದರು. ನಿಜವಾಗಿ ತುಂಡುಗಳು ಪೂರ್ತಿ ಕೂಡುವುದೇ ಇಲ್ಲ. ಮೂಲೆಯಿಂದ ಮೂಲೆಗೆ ಕೂದಲೆಳೆಯಂಥ ಸಂದು ಉಳಿಯುತ್ತದೆ, ಆ ಸಂದನ್ನೆಲ್ಲ ಕೂಡಿಸಿದರೆ ಸರಿಯಾಗಿ ಒಂದು ಚೌಕ. ಮೈದುನ ತುಂಡುಗಳ ಅಂಚಿಗೆ ಚೆಂದಕ್ಕೆಂದು ದಪ್ಪ ಕಪ್ಪು ಗೆರೆ ಎಳೆಸಿದ್ದ. ಸಂದು ಗೆರೆಯಲ್ಲಿ ಮುಚ್ಚಿಹೋಗಿತ್ತು. ಎರಡೂ ಚಿತ್ರಗಳ ಕೆಳಗೆ ‘ಉತ್ತರ: 64’ ಎಂದು ಬರೆದುಬಿಟ್ಟಿದ್ದ. ಎಣಿಸುವ ಗೋಜಿಗೇ ಹೋಗಿರಲಿಲ್ಲ.

ಗುರುವಾರ ಅವನೇ ಬಂದ.

“ಅತ್ತಿಗೆ, ಕೋಪ ಬೇಡ. ಪೆಟ್ಟಿಗೆ ಯಾರ ಹೆಸರಲ್ಲಿ ಹೋದ್ರೇನು, ಮನೆತನಕ್ಕೇ ಹೆಸರಲ್ವಾ? ನಾಳೆ ಯಾವ ಆಟ ತೋರಿಸ್ಲಿ ಹೇಳಿ.”

“ಮೂವತ್ತೊಂದನೇ ಪುಟ,” ಎಂದಳು ಲೆಕ್ಕದಕ್ಕ ಈರುಳ್ಳಿ ಹೆಚ್ಚುತ್ತಾ.

“ಏನು ಹೇಳ್ಬೇಕು?”

“ಆಕಾರ ಬದಲಾದ್ರೂ ವಿಸ್ತೀರ್ಣ ಬದಲಾಗಲ್ಲ. ಅಷ್ಟೇ. ಆಮೇಲೆ ಮಕ್ಕಳ ಕೈಲೇ ಎಣಿಕೆ ಮಾಡ್ಸು.”

ಒಂದು ಮಾತೂ ಸುಳ್ಳಲ್ಲ. ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ ಎಂಬುದೇ ಅವಳಿಗೆ ಸಿಹಿಯಾಗಿತ್ತು. ಎಣಿಸಲು ಒಬ್ಬ ಚುರುಕು ಹುಡುಗಿಯನ್ನು ಕೊಡಿ ಎಂದು ಅವನು ಕೇಳಿದಾಗ ಆರನೇ ತರಗತಿಯಿಂದ ‘ಉಡ’ ಎಂಬವಳನ್ನು ಕೊಟ್ಟಳು. ಸಣಕಲು ಹುಡುಗಿ, ಆದರೆ ಲೆಕ್ಕ ಹಿಡಿದರೆ ಉಡದ ಪಟ್ಟು, ಬ್ರಹ್ಮ ಬಂದರೂ ಬಿಡುವವಳಲ್ಲ, ಅದಕ್ಕೇ ಆ ಹೆಸರು. ಈ ಆಟವನ್ನು ಅವಳಿನ್ನೂ ಕಂಡಿರಲಿಲ್ಲ.

ಶುಕ್ರವಾರ ಹಾಲ್ ತುಂಬಿತ್ತು. ತಂಡದ ಮೇಡಂ ಮುಂದಿನ ಸಾಲಿನಲ್ಲಿ ಕನ್ನಡಕ ಏರಿಸಿ ಕೂತಿದ್ದರು. ಮೈದುನ ತುಂಡುಗಳನ್ನು ಫಲಕಕ್ಕೆ ಅಂಟಿಸಿ ಎಂಟರ ಚೌಕ ಮಾಡಿದ. ಉಡ ಕುರ್ಚಿ ಹತ್ತಿ, ಬೆರಳಿಟ್ಟು ಎಣಿಸಿದಳು.

“ಎಂಟೆಂಟ್ಲಿ ಅರವತ್ನಾಲ್ಕು ಸರ್.”

ಅವನು ತುಂಡುಗಳನ್ನು ಬದಲಿಸಿ ಆಯತ ಮಾಡಿದ. ಹುಡುಗಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

“ಹದಿಮೂರೈದ್ಲಿ ಅರವತ್ತೈದು.”

“ಸರಿಯಾಗಿ ಎಣಿಸಮ್ಮ,” ಎಂದು ನಕ್ಕ ಮೈದುನ.

“ಅರವತ್ತೈದೇ ಸರ್.”

ಅವನ ಕುತ್ತಿಗೆ ಕೆಂಪಾಯಿತು. ಕೈಪಿಡಿ ತೆರೆದು ನೋಡಿದ, ಫಲಕ ನೋಡಿದ. “ಎಣಿಸೋಕೂ ಬರಲ್ವಾ? ಎಲ್ಲರ ಮುಂದೆ ಮಾನ ಕಳೀತೀಯಾ? ಇನ್ನೊಂದ್ಸಲ!”

ಹಿಂದಿನ ಸಾಲಿನಲ್ಲಿದ್ದ ಲೆಕ್ಕದಕ್ಕ ಆಗಲೇ ಏಳಬಹುದಿತ್ತು. ಏಳಲಿಲ್ಲ. ಇನ್ನೂ ಸ್ವಲ್ಪ ಮುಳುಗಲಿ ಎಂದುಕೊಂಡಳು. ಹನ್ನೊಂದು ವರ್ಷದ ದುಡಿಮೆ ಕಳೆದುಕೊಂಡ ಉರಿಗೆ ಈ ಎರಡು ನಿಮಿಷ ತಣ್ಣೀರು ಹೊಯ್ದಂತಿತ್ತು. ಹುಡುಗಿ ಮೂರನೇ ಸಲ ಎಣಿಸಿದಳು, ನಾಲ್ಕನೇ ಸಲ ಎಣಿಸಿದಳು. ಮೈದುನ ಕೋಲಿನಿಂದ ಕುರ್ಚಿಯ ಕಾಲಿಗೆ ಕುಟ್ಟಿದ. ಹಾಲ್‌ನಲ್ಲಿ ಯಾರೋ ಕಿಸಕ್ಕೆಂದರು. ಉಡ ಲೆಕ್ಕದಕ್ಕನ ಕಡೆಗೆ ಒಮ್ಮೆ ನೋಡಿದಳು. ಲೆಕ್ಕದಕ್ಕ ನೋಡುತ್ತಿದ್ದದ್ದು ಮೈದುನನ ಮುಖ.

“ಅರವತ್ನಾಲ್ಕು,” ಎಂದು ಹುಡುಗಿ ಬಿಕ್ಕಿದಳು.

“ನೋಡಿದ್ರಾ?” ಎಂದು ಮೈದುನ ಬೆವರು ಒರೆಸಿಕೊಂಡ. ಜನ ಚಪ್ಪಾಳೆ ತಟ್ಟಿದರು. ಮೇಡಂ ಕೂಡ ತಲೆಯಾಡಿಸಿ ಏನೋ ಬರೆದುಕೊಂಡರು.

ಲೆಕ್ಕದಕ್ಕ ಮೇಡಂ ಪೆನ್ನಿನ ಕಡೆ ನೋಡಿದಳು. ಇವರಿಗೂ ಗೊತ್ತಿಲ್ಲ! ದಡದಡನೆ ವೇದಿಕೆ ಹತ್ತಿದಳು.

“ಹದಿಮೂರೈದ್ಲಿ ಎಷ್ಟು ಮೇಡಂ? ನೀವೇ ಹೇಳಿ.”

ಮೇಡಂ ಪೆನ್ನು ನಿಲ್ಲಿಸಿದರು. ಎದ್ದು ಬಂದು ತಾವೇ ಎಣಿಸಿದರು. “ಅರವತ್ತೈದು… ಇದು ಹೇಗೆ?” ಎಂದು ಮೈದುನನ ಕಡೆ ತಿರುಗಿದರು. “ಇನ್ನೊಂದು ಚೌಕ ಎಲ್ಲಿಂದ ಬಂತು ಸರ್? ಪೆಟ್ಟಿಗೆ ಮಾಡಿದವರು ನೀವು.”

ಮೈದುನ ಮತ್ತೆ ಕೈಪಿಡಿ ತಿರುವಿದ. ಆಮೇಲೆ ಅತ್ತಿಗೆಯ ಮೇಲೆ ಹರಿಹಾಯ್ದ. “ಬೇಕಂತಲೇ ಮಾಡಿದ್ರಿ ಅಲ್ವಾ? ನಿಮ್ಮ ರಟ್ಟಿನ ತುಂಡುಗಳನ್ನ ಕೊಟ್ಟಾಗ ಇದನ್ನ ನನಗೆ ಹೇಳ್ಲೇ ಇಲ್ಲ!”

ಹಾಲ್‌ನಲ್ಲಿ ತಲೆಗಳೆಲ್ಲ ಅವನ ಕಡೆ ತಿರುಗಿದವು. ತಾನೇನು ಹೇಳಿದೆನೆಂದು ಅವನಿಗೆ ಹೊಳೆದದ್ದು ಎಲ್ಲರಿಗಿಂತ ಕೊನೆಗೆ. ಲೆಕ್ಕದಕ್ಕ ಕಪ್ಪು ಗೆರೆಯ ನಡುವೆ ಉಗುರು ತೂರಿಸಿ ಸಂದು ತೋರಿಸಿದಳು. ಮೇಡಂ ಕೈಪಿಡಿಯ ಮೇಲಿದ್ದ ಹೆಸರನ್ನು ಅಡ್ಡಗೀಟು ಎಳೆದು ಹೊಡೆದುಹಾಕಿದರು, ಅವಳ ಹೆಸರು ಕೇಳಿ ಬರೆದುಕೊಂಡರು. ಮೈದುನ ಪಕ್ಕದ ಬಾಗಿಲಿನಿಂದ ಹೊರಟುಹೋದ. ಆ ಬೆನ್ನನ್ನು ಅವಳು ಕಣ್ತುಂಬ ನೋಡಿದಳು. ಅವನನ್ನು ಕ್ಷಮಿಸುವ ಮಾತೇ ಇಲ್ಲ, ಇವತ್ತಿಗೂ ಇಲ್ಲ.

ಶನಿವಾರ ಎಲ್ಲರೂ ಅಭಿನಂದಿಸಿದರು. ಮನೆಯಲ್ಲಿ ಗಂಡ ಮುಖ ಊದಿಸಿಕೊಂಡಿದ್ದ, ಊದಿಸಿಕೊಳ್ಳಲಿ.

ಸೋಮವಾರ ಆರನೇ ತರಗತಿಯಲ್ಲಿ ಬೆಂಕಿಕಡ್ಡಿಗಳನ್ನು ಜೋಡಿಸಿ, ಇದರಲ್ಲಿ ಎಷ್ಟು ತ್ರಿಕೋನ ಇವೆ ಎಂದು ಕೇಳಿದಳು. ಮಕ್ಕಳು ಮುಗಿಬಿದ್ದರು, ಒಬ್ಬರು ಒಂಬತ್ತು ಎಂದರೆ ಇನ್ನೊಬ್ಬರು ಹದಿಮೂರು. ಉಡ ಒಬ್ಬಳೇ ಕೈ ಕಟ್ಟಿ ಕೂತಿದ್ದಳು.

“ನಿಂದು ಎಷ್ಟೇ?” ಎಂದು ಲೆಕ್ಕದಕ್ಕ ಪಕ್ಕದಲ್ಲಿ ಬಗ್ಗಿ ಕೇಳಿದಳು.

ಹುಡುಗಿ ಕಡ್ಡಿಗಳ ಕಡೆಗೆ ನೋಡಲೇ ಇಲ್ಲ. ಟೀಚರ್ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದಳು:

“ನಿಮಗೆ ಎಷ್ಟು ಬೇಕು ಟೀಚರ್?”