ಪರಿಶೀಲನೆಯಲ್ಲಿದೆ

ಡಾ. ರುದ್ರಸ್ವಾಮಿಯವರು ಪಿರಿಯಾಪಟ್ಟಣದಲ್ಲಿ ಹದಿನಾಲ್ಕು ವರ್ಷ ದವಾಖಾನೆ ನಡೆಸಿದ್ದರು. ೧೯೫೨ರಲ್ಲಿ ವಿಧಾನಸಭೆಗೆ ಆಯ್ಕೆಯಾದ ಮೇಲೂ ಭಾನುವಾರಗಳಲ್ಲಿ ಬೆಂಗಳೂರಿನಿಂದ ಬಂದು ರೋಗಿಗಳನ್ನು ನೋಡುತ್ತಿದ್ದರು. ಐವತ್ತೇಳರಲ್ಲಿ ಲೋಕಸಭೆಗೆ ನಿಂತರು. ಪ್ರಚಾರಕ್ಕೆ ಹೋದ ಹಳ್ಳಿಗಳಲ್ಲಿ ಜನ ಮೊದಲು ಕೈ ಚಾಚಿ ನಾಡಿ ತೋರಿಸುತ್ತಿದ್ದರು. ಭಾಷಣ ಆಮೇಲೆ.

ಆ ಫೆಬ್ರವರಿಯಲ್ಲಿ ಬೆಟ್ಟದಪುರದ ಚಲುವಯ್ಯ, ಹೊಗೆಸೊಪ್ಪು ಬೆಳೆಯುವವನು, ಹೆಂಡತಿ ಕೆಂಪಾಜಮ್ಮನನ್ನು ಅವರಿಗೆ ತೋರಿಸಿದ. ಎಡ ಎದೆಯಲ್ಲಿ ಹುಣಸೆಬೀಜದಷ್ಟು ಗಂಟು. ನೋವಿರಲಿಲ್ಲ. ತಡಮಾಡದೆ ಮೈಸೂರಿನ ಆಸ್ಪತ್ರೆಗೆ ಹೋಗಿ ತೆಗೆಸಬೇಕೆಂದು ಡಾಕ್ಟರು ಹೇಳಿದರು. ಗೊತ್ತಿಲ್ಲದವರ ಕೈಲಿ ಕುಯ್ಯಿಸಿಕೊಳ್ಳುವುದಿಲ್ಲವೆಂದು ಆಕೆ ಹಟ ಹಿಡಿದಳು. ಚುನಾವಣೆ ಮುಗಿಯಲಿ, ತಾವೇ ಕರೆದುಕೊಂಡು ಹೋಗಿ ಪಕ್ಕದಲ್ಲಿ ನಿಲ್ಲುವುದಾಗಿ ಅವರು ಮಾತು ಕೊಟ್ಟರು.

"ಓಟು ಈಸ್ಕಂಡು ಮರ್ತುಬುಟ್ಟೀರಿ ಬುದ್ಧಿ," ಎಂದಳು ಕೆಂಪಾಜಮ್ಮ. ಸುತ್ತಲಿದ್ದವರು ನಕ್ಕರು. ಡಾಕ್ಟರೂ ನಕ್ಕರು.

ಗೆದ್ದು ದೆಹಲಿಗೆ ಹೋದರು. ಜುಲೈ ತಿಂಗಳಲ್ಲಿ ಚಲುವಯ್ಯ ಕಾಗದ ಬರೆಸಿದ: ಗಂಟು ದೊಡ್ಡದಾಗಿದೆ, ಯಾವಾಗ ಬರುತ್ತೀರಿ? ಮೂರು ವಾರದ ಮೇಲೆ ಟೈಪು ಮಾಡಿದ ಇಂಗ್ಲಿಷ್ ಉತ್ತರ ಬಂತು. ಪೋಸ್ಟ್ ಮಾಸ್ಟರು ಓದಿ ಹೇಳಿದರು. ಮನವಿ ತಲುಪಿದೆ, ಪರಿಶೀಲನೆಯಲ್ಲಿದೆ, ಸಕಾಲದಲ್ಲಿ ತಿಳಿಸಲಾಗುವುದು. ಕೆಳಗೆ ಡಾಕ್ಟರ ರುಜು. ಅದೇ ದಿನ ಅಂಥ ಅರವತ್ತು ಕಾಗದಗಳಿಗೆ ಅವರು ರುಜು ಹಾಕಿದ್ದರು. ರಸ್ತೆ, ಬಾವಿ, ವರ್ಗಾವಣೆ ಕೇಳಿದವರಿಗೂ ಅದೇ ಒಕ್ಕಣೆ.

ಮೈಸೂರಿಗೆ ಕರೆದೊಯ್ಯಲು ನೆರೆಯವರು ಹೇಳಿದರು. ಡಾಕ್ಟರೇ ತಿಳಿಸುತ್ತೇನೆಂದು ಬರೆದಿರುವಾಗ ಅವರನ್ನು ಮೀರಿ ಹೋಗುವುದು ಮರ್ಯಾದೆಯಲ್ಲ ಎಂದ ಚಲುವಯ್ಯ. ಕೆಂಪಾಜಮ್ಮನೂ ಹಾಗೇ ಅಂದಳು. ಡಿಸೆಂಬರಿನಲ್ಲಿ ಡಾಕ್ಟರು ಹುಣಸೂರಿಗೆ ಬಂದು ಹೋದದ್ದು ಗಂಡ ಹೆಂಡತಿಗೆ ಗೊತ್ತಾದದ್ದು ಮರುದಿನ.

ಐವತ್ತೆಂಟರ ಮೇ ತಿಂಗಳಲ್ಲಿ ಅಧಿವೇಶನ ಮುಗಿಸಿ, ಆರೋಗ್ಯ ಕೇಂದ್ರಕ್ಕೆ ಜಾಗ ನೋಡಲು ಡಾಕ್ಟರು ಬೆಟ್ಟದಪುರಕ್ಕೆ ಬಂದರು. ಚಲುವಯ್ಯ ಮನೆಗೆ ಕರೆದುಕೊಂಡು ಹೋದ. ಗಂಟು ಒಡೆದು ಹುಣ್ಣಾಗಿತ್ತು. ಕಂಕುಳಲ್ಲೂ ಗಂಟುಗಳು ಕೈಗೆ ಸಿಕ್ಕವು.

ಮೈಸೂರಿಗೆ ಯಾಕೆ ಹೋಗಲಿಲ್ಲವೆಂದು ಡಾಕ್ಟರು ಗದರಿದರು. ಚಲುವಯ್ಯ ಕಾಗದ ತಂದುಕೊಟ್ಟ.

"ನೀವೇ ಕಾಯಕ್ಕೇಳಿದ್ರಲ್ಲ ಬುದ್ಧಿ."

ಡಾಕ್ಟರು ಅದನ್ನು ಎರಡು ಸಲ ಓದಿದರು. ಜಾಗ ತೋರಿಸಲು ಕಾದಿದ್ದ ಪಂಚಾಯ್ತಿಯವರನ್ನು ಬಿಟ್ಟು, ಗಂಡ ಹೆಂಡತಿಯನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಮೈಸೂರಿಗೆ ಹೊರಟರು. ಆಸ್ಪತ್ರೆಯ ಶಸ್ತ್ರವೈದ್ಯರು ಪರೀಕ್ಷಿಸಿ, ಡಾಕ್ಟರನ್ನೂ ಚಲುವಯ್ಯನನ್ನೂ ಹೊರಗೆ ಕರೆದು, ಇನ್ನು ಕುಯ್ದು ಪ್ರಯೋಜನವಿಲ್ಲವೆಂದರು. ಡಾಕ್ಟರಿಗೆ ಅದು ಬೆಟ್ಟದಪುರದಲ್ಲೇ ಗೊತ್ತಾಗಿತ್ತು.

ವಾಪಸು ಬರುವಾಗ ಕಾರು ಹುಣಸೂರು ದಾಟಿತು.

"ಕುಯ್ಯಲೇ ಇಲ್ವಲ್ಲ ಬುದ್ಧಿ?" ಎಂದಳು ಕೆಂಪಾಜಮ್ಮ.

"ಬೇಡ ಅಂದರು ಕಣವ್ವ."

"ಅಂಗಾರೆ ವಾಸಿ ಆಯ್ತದೆ ಅನ್ನಿ."

ಡಾಕ್ಟರು ಗೇರು ಬದಲಿಸಿದರು. ಪಕ್ಕದಲ್ಲಿ ಕೂತಿದ್ದ ಚಲುವಯ್ಯ ಹೆಂಡತಿಯ ಕಡೆ ತಿರುಗಲಿಲ್ಲ.