ಕಿತ್ತ ಕಾಲರ್

ಕುತ್ತಿಗೆಗೆ ತಣ್ಣನೆ ಗಾಳಿ, ಕಾಲರಿದ್ದ ಜಾಗ ಬೋಳು, ಕಟಕಟೆಗೆ ಫಿನಾಯಿಲ್ ವಾಸನೆ, ಇಂಥವರಿಗೋಸ್ಕರವೇ ಏನ್ರೀ ನಾವು ಯುದ್ಧ ಗೆದ್ದದ್ದು ಅಂತಾನೆ ಮ್ಯಾಜಿಸ್ಟ್ರೇಟ್ — ನೀನು ಗೆದ್ದೆಯೇನೋ ಮುದುಕಾ, ನಮ್ಮಪ್ಪ ಆ ಯುದ್ಧದಲ್ಲೇ ಸತ್ತು ಆಫ್ರಿಕಾದ ಟೋಬ್ರುಕ್ ಮರಳಲ್ಲೇ ಉಳಿದ, ನಾನು ಬಾಂಬು ಬಿದ್ದ ಮನೆಗಳ ಇಟ್ಟಿಗೆ ರಾಶಿಯಲ್ಲಿ ಆಡಿ ಬೆಳೆದೆ, ಶಾಲೆ ಬಿಟ್ಟು ಬಿಸ್ಕತ್ತು ಕಾರ್ಖಾನೆ ಸೇರಿದೆ, ಸಂಬಳ ಕೂಡಿಟ್ಟು ಹೊಲಿಸಿದ್ದು ಇದೊಂದೇ ಕೋಟು, ಮೊಣಕಾಲುದ್ದ, ಕರೀ ಮಖಮಲ್ಲಿನ ಕಾಲರು, ಪುಂಡ ಹುಡುಗರೆಲ್ಲ ತೊಡೋ ಫ್ಯಾಷನ್ನು, ಇದನ್ನು ಕಂಡರೆ ಲಂಡನ್ನಿನ ಹೆಂಗಸರು ಕೈಚೀಲವನ್ನು ಎದೆಗೆ ಅವಚಿಕೊಳ್ಳುತ್ತಾರೆ, ನಾನೇ ಚಾಕು ಅನ್ನೋ ಹಾಗೆ. ಶನಿವಾರ ಡ್ಯಾನ್ಸ್ ಹಾಲಿನ ಹೊರಗೆ ಇಂಥ ಕೋಟಿನವನು ಯಾವನೋ ಸೈಕಲ್ ಚೈನು ಬೀಸಿ ಮೀನಂಗಡಿಯ ಪ್ರೂವೆಟ್‌ನ ತಲೆ ಒಡೆದ, ಪೊಲೀಸರು ಬಂದಾಗ ಅಂಥದೇ ಕೋಟು ತೊಟ್ಟು ಗೋಡೆಗೊರಗಿದ್ದವನು ನಾನು, ಸಾಕಾಯಿತು, ಎಳೆದರು.

ತಲೆಗೆ ಪಟ್ಟಿ ಸುತ್ತಿದ ಪ್ರೂವೆಟ್ ಈಗ ಬೆರಳು ತೋರಿಸುತ್ತಾನೆ, ಮುಖ ಯಾರು ನೋಡ್ತಾರೆ ಸ್ವಾಮಿ, ಈ ಪುಂಡರೆಲ್ಲಾ ಒಂದೇ ಅಚ್ಚು, ಕಾಲರ್ ಮಾತ್ರ ಕಣ್ಣಿಗೆ ಕಟ್ಟಿದಂಗಿದೆ, ಹಸಿರು ಮಖಮಲ್ಲು — ಹಸಿರು! ನನ್ನದು ಕಪ್ಪು, ಬದುಕಿದೆ, ನಗು ಉಕ್ಕುತ್ತದೆ, ನಿನ್ನ ಕಾಲರೆಲ್ಲೋ ಹುಡುಗಾ, ಸೂಜಿ ತೂತುಗಳಷ್ಟೇ ಇವೆ, ಸಾಕ್ಷಿ ಕಿತ್ತುಬಿಟ್ಟೆಯಾ ಅಂತಾನೆ ಮ್ಯಾಜಿಸ್ಟ್ರೇಟ್, ಬೋಳು ಕುತ್ತಿಗೆ ಮುಟ್ಟಿ ನೋಡಿಕೊಂಡೆ.

ಹಿಡಿದ ರಾತ್ರಿ ಕಾಲರಿನ ಬಣ್ಣ ಯಾವ ಪೊಲೀಸನೂ ಬರೆದುಕೊಂಡಿಲ್ಲ. ಕಿತ್ತದ್ದು ಅಮ್ಮ. ಜಾಮೀನಿನ ಮೇಲೆ ಮನೆಗೆ ಬಂದಾಗಿನಿಂದ ಅದೇ ರಾಗ, ಈ ಮಖಮಲ್ಲೇ ಕಣೋ ಸಿರಿಲ್ ನಿನ್ನನ್ನ ಹಾಳು ಮಾಡಿದ್ದು, ಕೋರ್ಟಲ್ಲಿ ಮರ್ಯಾದಸ್ಥರ ಮಗನ ಥರ ಕಾಣ್ಬೇಕು ನೀನು, ಬೆಳಿಗ್ಗೆ ಏಳುತ್ತೇನೆ, ಕೋಟಿಗೆ ಕಾಲರಿಲ್ಲ, ಒಲೆಯಿಂದ ಕೂದಲು ಸುಟ್ಟಂಥ ವಾಸನೆ, ಎಷ್ಟು ಅಂದವಾಗಿ ಕಾಣ್ತೀಯ ನೋಡೋ ಅಂತ ಗಲ್ಲ ಹಿಡಿದಳು, ಹಾಗೇ ತೊಟ್ಟು ಬಂದೆ. ಈಗ ಹೇಳು, ಹೇಳೋ — ಅಮ್ಮ ಸುಟ್ಟಳು ಸ್ವಾಮಿ — ಯಾರು ನಂಬುತ್ತಾರೆ, ತಾಯಿ ಹೆಸರು ಹೇಳಿ ತಪ್ಪಿಸ್ಕೋತಿದಾನೆ ಬೋಳಿಮಗ ಅಂತಾರೆ, ಬೋರ್ಸ್ಟಲ್, ಮೂರು ವರ್ಷ ಹುಡುಗರ ಜೈಲು, ಮ್ಯಾಜಿಸ್ಟ್ರೇಟ್ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಾನೆ.

ಅಮ್ಮ ಮೂಲೆಯ ಬೆಂಚಿನಲ್ಲಿ, ಚರ್ಚಿನ ಟೋಪಿ, ನಗುತ್ತಿದ್ದಾಳೆ, ಏನೂ ಅರ್ಥವಾಗಿಲ್ಲ ಅವಳಿಗೆ, ಬೂದು ಕೋಟಿನ ತೋಳಿನ ಮೇಲೆ ಏನದು, ಎಳೆ, ಕರೀ ಮಖಮಲ್ಲಿನ ಎಳೆ, ಸುಟ್ಟಿಲ್ಲ, ಅಂಟಿಕೊಂಡಿದೆ, ಉಳಿದಿರೋ ಸಾಕ್ಷಿ ಇದೊಂದೇ, ಅಮ್ಮಾ ತೋಳು, ತೋಳು ನೋಡ್ಕೋ, ಕೂಗಿಬಿಟ್ಟೆ, ಸದ್ದು ಅಂತ ಪೊಲೀಸ್ ಭುಜ ಅದುಮಿದ, ಅಮ್ಮ ತೋಳು ನೋಡಿಕೊಂಡಳು, ನಾಚಿದಳು, ಇಷ್ಟು ಜನರ ಮುಂದೆ ಕೊಳೆ ಬಟ್ಟೆಯಲ್ಲಿ ಬಂದೆನಲ್ಲಾ ಅನ್ನೋ ಹಾಗೆ, ಬೆರಳಿಗೆ ಉಗುಳು ಹಚ್ಚಿ ಎಳೆ ತೆಗೆದಳು, ಬೇಡಮ್ಮಾ, ಊದಿದಳು, ಕರೀ ಎಳೆ ಕಿಟಕಿಯ ಬಿಸಿಲಲ್ಲಿ, ಇನ್ನೂ ಬಿದ್ದಿಲ್ಲ, ಯಾರಾದರೂ ನೋಡ್ರೋ, ಕರೀ ಎಳೆ, ಬಿಸಿಲಲ್ಲಿ, ಕರೀ —